ಔಷಧ ಅಂಗಡಿ ಮತ್ತು ಫಾರ್ಮಸಿಸ್ಟ್: ಜವನಗೊಂಡನಹಳ್ಳಿಯಂಥ ಹೋಬಳಿ ಊರುಗಳಲ್ಲಿ

ಜವನಗೊಂಡನಹಳ್ಳಿ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರ. ಜನರ ಬಾಯಲ್ಲಿ ಜೆ.ಜಿ. ಹಳ್ಳಿ. ಶಿರಾ ಕಡೆಯಿಂದ ಹಿರಿಯೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಇದರ ಪಕ್ಕದಲ್ಲೇ ಹಾದಿದೆ. ಇಂಥ ಊರುಗಳಲ್ಲಿ ಜ್ವರ, ಮೈಕೈ ನೋವು ಬಂದವರು ಎಷ್ಟೋ ಸಲ ಡಾಕ್ಟರ ಬಳಿಗಿಂತ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಈ ಅಂಗಡಿ ನಡೆಯಬೇಕಾದರೆ ಕಾನೂನು ಎರಡು ಪ್ರತ್ಯೇಕ ಅರ್ಹತೆಗಳನ್ನು ಕೇಳುತ್ತದೆ. ಅಂಗಡಿಗೆ ಲೈಸೆನ್ಸ್ ಬೇಕು. ಇದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯದು. ಔಷಧ ಕೊಡುವ ವ್ಯಕ್ತಿಗೆ ನೋಂದಣಿ ಬೇಕು. ಇದು 1948ರ ಫಾರ್ಮಸಿ ಕಾಯ್ದೆಯದು. ಒಂದಿದ್ದರೆ ಇನ್ನೊಂದೂ ಇದ್ದಂತೆ ಎಂದು ನಡೆದುಕೊಳ್ಳುವುದರಿಂದಲೇ ಹಳ್ಳಿಗಾಡಿನ ಔಷಧ ವ್ಯಾಪಾರದ ದೊಡ್ಡ ತೊಡಕು ಹುಟ್ಟಿದೆ.

ಈ ಕಾನೂನುಗಳಿಗೆ ಮೊದಲು ಔಷಧ ಕೊಡುತ್ತಿದ್ದವರು ಕಾಂಪೌಂಡರುಗಳು. ಡಾಕ್ಟರು ಬರೆದ ಚೀಟಿ ನೋಡಿ ಮಿಕ್ಸ್ಚರ್ ಬೆರೆಸಿ, ರೋಗಿ ಮನೆಯಿಂದ ತಂದ ಸೀಸೆಗೆ ತುಂಬಿ, ಎಷ್ಟೆಷ್ಟು ಕುಡಿಯಬೇಕೆಂದು ತೋರಿಸುವ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಮೈಗೆ ಅಂಟಿಸಿ ಕೊಡುತ್ತಿದ್ದರು. ಕಳಪೆ ಮತ್ತು ನಕಲಿ ಔಷಧಗಳ ಹಾವಳಿಯನ್ನು ಪರಿಶೀಲಿಸಲು ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ 1930–31ರಲ್ಲಿ ಕೆಲಸ ಮಾಡಿದ ಸಮಿತಿ ಈಗಿನ ವ್ಯವಸ್ಥೆಗೆ ತಳಹದಿ ಹಾಕಿತು. 1948ರ ಕಾಯ್ದೆ ಹಳಬರನ್ನು ಬೀದಿಪಾಲು ಮಾಡಲಿಲ್ಲ: ಐದು ವರ್ಷ ಕಾಂಪೌಂಡರ್ ಕೆಲಸ ಮಾಡಿದವರಿಗೂ ಮೊದಲ ನೋಂದಣಿಯಲ್ಲಿ ಜಾಗ ಕೊಟ್ಟಿತು.

ಈಗ ಕನಿಷ್ಠ ವಿದ್ಯಾರ್ಹತೆ ಎರಡು ವರ್ಷದ ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮತ್ತು 500 ಗಂಟೆಗಳ ಪ್ರಾಯೋಗಿಕ ತರಬೇತಿ. ರಾಜ್ಯದಲ್ಲಿ ಡಿಪ್ಲೊಮಾ ಪರೀಕ್ಷೆಗಳನ್ನು ನಡೆಸುವುದು ಪರೀಕ್ಷಾ ಪ್ರಾಧಿಕಾರ ಮಂಡಳಿ. 2022ರ ನಿಯಮಾವಳಿ ಇದರ ಮೇಲೆ ಒಂದು ನಿರ್ಗಮನ ಪರೀಕ್ಷೆಯನ್ನೂ ಸೇರಿಸಿತು. ಜಿಲ್ಲೆಯೊಳಗೆ ಚಿತ್ರದುರ್ಗದ ಎಸ್‌ಜೆಎಂ ಫಾರ್ಮಸಿ ಕಾಲೇಜು ಹೆಸರುವಾಸಿ. ಓದು ಮುಗಿಸಿದವರು ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ ಮೇಲೆಯೇ ‘ನೋಂದಾಯಿತ ಫಾರ್ಮಸಿಸ್ಟ್’ ಆಗುತ್ತಾರೆ.

ಅಂಗಡಿಯ ಲೈಸೆನ್ಸಿಗೆ ನಮೂನೆ 19ರಲ್ಲಿ ಅರ್ಜಿ ಹಾಕಬೇಕು. ಚಿಲ್ಲರೆ ಮಾರಾಟಕ್ಕೆ ಸಾಮಾನ್ಯವಾಗಿ ನಮೂನೆ 20 ಮತ್ತು 21ರ ಲೈಸೆನ್ಸ್ ಎರಡೂ ಬೇಕಾಗುತ್ತವೆ. ಇನ್ಸುಲಿನ್, ಲಸಿಕೆಗಳಂಥ ಜೈವಿಕ ಔಷಧಗಳು ನಮೂನೆ 21ರ ವ್ಯಾಪ್ತಿಗೆ ಬರುತ್ತವೆ. ಅಂಗಡಿ ಕನಿಷ್ಠ 10 ಚದರ ಮೀಟರ್ ಇರಬೇಕು. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಔಷಧಗಳಿಗೆ ಫ್ರಿಜ್ ಬೇಕು. ಬೇಸಿಗೆಯಲ್ಲಿ ಬಯಲುಸೀಮೆಯ ಬಿಸಿಲಿಗೆ, ಕರೆಂಟು ಹೋಗಿಬಂದು ಮಾಡುವ ಊರಿಗೆ, ಈ ಒಂದು ಷರತ್ತೇ ಭಾರ. ಜಾಗ ಪರಿಶೀಲಿಸುವವರು ಔಷಧ ಪರಿವೀಕ್ಷಕರು. ಕೊಟ್ಟ ಲೈಸೆನ್ಸು ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದರೆ ಮುಂದುವರಿಯುತ್ತದೆ. ಲೈಸೆನ್ಸೇ ಇಲ್ಲದೆ ಮಾರಿದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಜೈಲು.

ಫಾರ್ಮಸಿಸ್ಟರ ನಿಜವಾದ ಕೆಲಸ ಕೌಂಟರಿನಲ್ಲಿದೆ. ಚೀಟಿಯ ತಾರೀಖು, ಡೋಸು, ರೋಗಿ ಈಗಾಗಲೇ ನುಂಗುತ್ತಿರುವ ಮಾತ್ರೆ, ಇಷ್ಟನ್ನೂ ವಿಚಾರಿಸಬೇಕು. ‘1-0-1’ ಎಂದು ಬರೆದದ್ದನ್ನು ಓದಲು ಬಾರದ ಅಜ್ಜಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬಿಡಿಸಿ ಹೇಳಬೇಕು. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಇರುವ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳುವುದು ಒಳ್ಳೆಯ ಅಂಗಡಿಯ ಗುರುತು. ಔಷಧ ಕಾಯ್ದೆಯಡಿಯ 1945ರ ನಿಯಮಗಳಲ್ಲಿರುವ ಎಚ್ ಪಟ್ಟಿಯ (ಶೆಡ್ಯೂಲ್ ಎಚ್) ಔಷಧಗಳನ್ನು ಚೀಟಿಯಿಲ್ಲದೆ ಕೊಡುವಂತಿಲ್ಲ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿ ಇನ್ನೂ ಬಿಗಿ: ಸೆಫಿಕ್ಸಿಮ್, ಟ್ರಮಡಾಲ್, ಕ್ಷಯದ ಔಷಧಗಳಂಥವನ್ನು ಕೊಟ್ಟಾಗ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣಗಳನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಚೀಟಿಯಲ್ಲಿರುವ ಬ್ರ್ಯಾಂಡ್ ಇಲ್ಲದಿದ್ದಾಗ ‘ಅದೇ ಮಾತ್ರೆ, ಕಂಪನಿ ಬೇರೆ’ ಎಂದು ಇನ್ನೊಂದನ್ನು ಕೊಡುವುದು ದಿನನಿತ್ಯ ನಡೆಯುತ್ತದೆ. ಆದರೆ ಎಚ್, ಎಚ್1, ಎಕ್ಸ್ ಪಟ್ಟಿಗಳ ಔಷಧಗಳಲ್ಲಿ ಹಾಗೆ ಬದಲಾಯಿಸುವುದಕ್ಕೆ 1945ರ ನಿಯಮಗಳಲ್ಲಿ ಅವಕಾಶವಿಲ್ಲ. ಬಡ ರೋಗಿಯ ಜೇಬಿನ ದೃಷ್ಟಿಯಿಂದ ಈ ನಿಯಮದ ಮರುಚಿಂತನೆ ಆಗಲೇಬೇಕು.

ಕುರಿ ಸಾಕಣೆಯ ಸೀಮೆಯಾದ್ದರಿಂದ ಜಾನುವಾರಿನ ಔಷಧವನ್ನೂ ಕೇಳಿಕೊಂಡು ಬರುವವರಿದ್ದಾರೆ. ರಣಹದ್ದುಗಳ ಸಾವಿಗೆ ಕಾರಣವಾದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವನ್ನು ದನಕರುಗಳಿಗೆ ಬಳಸುವುದು 2006ರಿಂದ ನಿಷಿದ್ಧ. ಮನುಷ್ಯರ ಇಂಜೆಕ್ಷನ್ನು ದನಗಳಿಗೆ ಹೋಗಬಾರದೆಂದು 2015ರಲ್ಲಿ ಅದನ್ನು 3 ಮಿಲಿಯ ಒಂದೇ ಡೋಸಿನ ಪ್ಯಾಕಿಗೆ ಸೀಮಿತಗೊಳಿಸಲಾಯಿತು.

ಚೀಟಿಯ ಔಷಧವನ್ನು ಫಾರ್ಮಸಿಸ್ಟರ ಖುದ್ದು ಮೇಲ್ವಿಚಾರಣೆಯಲ್ಲೇ ಕೊಡಬೇಕೆಂಬುದು ನಿಯಮ. ಬಿಳಿ ಕೋಟು ತೊಟ್ಟು, ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಹಾಕಿಕೊಂಡಿರಬೇಕೆಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಹೇಳುತ್ತದೆ. ನಾಡಿನ ಎಷ್ಟೋ ಕಡೆ ಗೋಡೆಯಲ್ಲಿ ತೂಗುವುದು ಒಬ್ಬರ ಸರ್ಟಿಫಿಕೇಟು, ಮಾತ್ರೆ ಎಣಿಸಿ ಕೊಡುವುದು ಇನ್ನೊಬ್ಬರ ಕೈ. ‘ಸರ್ಟಿಫಿಕೇಟ್ ಬಾಡಿಗೆ’ ಎಂದು ಇದಕ್ಕೆ ಹೆಸರೇ ಬಿದ್ದಿದೆ. ಹೋಬಳಿ ಊರಿನ ಸಣ್ಣ ವ್ಯಾಪಾರ ಓದಿದವರಿಗೆ ತಕ್ಕ ಸಂಬಳ ಕೊಡಲಾರದು ಎಂಬ ಮಾಲೀಕರ ಮಾತಿನಲ್ಲಿ ಹುರುಳಿದೆ. ಆದರೆ ತಪ್ಪು ಡೋಸಿನ ಮಾತ್ರೆಯನ್ನು ಕೌಂಟರಿನಲ್ಲೇ ತಡೆಯಬಲ್ಲ ಆಳು ಇಲ್ಲದಿದ್ದರೆ ರೋಗಿಗೆ ಲೈಸೆನ್ಸಿನಿಂದ ಸಿಗುವ ರಕ್ಷಣೆ ಅರ್ಧ ಮಾತ್ರ. ಮಾಲೀಕರೇ ಫಾರ್ಮಸಿಸ್ಟ್ ಆಗಿರುವ ಅಂಗಡಿಗಳು ಈ ಕಾರಣಕ್ಕೇ ಹಳ್ಳಿಗೆ ಹೆಚ್ಚು ಒಗ್ಗುತ್ತವೆ.

ವಿನಾಯಿತಿಗಳೂ ಇವೆ. ಸರ್ಕಾರಿ ಆಸ್ಪತ್ರೆಗಳಿಗೆ ಈ ಲೈಸೆನ್ಸ್ ಬೇಕಿಲ್ಲ. ಅವುಗಳಿಗೆ ಔಷಧ ಒದಗಿಸುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಅಂಗಡಿ ತೆರೆಯದ ವೈದ್ಯರು ತಮ್ಮ ರೋಗಿಗಳಿಗೆ ತಾವೇ ಔಷಧ ಕೊಡಬಹುದು. ಜನಸಂಖ್ಯೆ 1,000 ಮೀರದ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯವರೂ ಪ್ಯಾರಾಸಿಟಮಾಲ್, ಗ್ರೈಪ್ ವಾಟರ್, ನೋವಿನ ಮುಲಾಮು, ಬ್ಯಾಂಡೇಜುಗಳಂಥ ಮನೆಮದ್ದಿನ ಸಾಮಾನನ್ನು ಲೈಸೆನ್ಸಿಲ್ಲದೆ ಮಾರಬಹುದು. ಆದರೆ ಅವನ್ನು ಲೈಸೆನ್ಸ್ ಇರುವವರಿಂದಲೇ ಕೊಂಡಿರಬೇಕು, ಪ್ಯಾಕು ಒಡೆಯದೆ ಕೊಡಬೇಕು. ಎಚ್ ಪಟ್ಟಿಯ ಒಂದು ಔಷಧಕ್ಕೂ ಈ ವಿನಾಯಿತಿ ಇಲ್ಲ.