ಪೋಳ್‌ನ ಮನೆಯಲ್ಲಿ ಒಂದು ರಾತ್ರಿ



ಈ ರಜೆಗೆ ಎಲ್ಲಿಗೆ ಎಂದು ಯೋಚಿಸುತ್ತಿದ್ದೀರಾ? ಮುಂಬಯಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಅಹಮದಾಬಾದ್. ಈ ಸಲ ಗಾಜಿನ ಗೋಡೆಯ ದೊಡ್ಡ ಹೋಟೆಲು ಬೇಡ. ಹಳೇ ಊರಿನೊಳಗೆ, ಬೆರಳೆಣಿಕೆಯ ಕೋಣೆಗಳಿರುವ ಪುಟ್ಟ ಹೋಟೆಲಿನಲ್ಲಿ ಉಳಿದು ನೋಡಿ.

ಸುಲ್ತಾನ ಅಹಮದ್ ಷಾ 1411ರಲ್ಲಿ ಸಾಬರಮತಿಯ ದಂಡೆಯಲ್ಲಿ ಕಟ್ಟಿಸಿದ ಊರು ಇದು. 2017ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ನಗರ ಎಂದು ಗುರುತಿಸಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಇದೇ. ಅದಕ್ಕೆ ಕಾರಣ ಮಸೀದಿ, ಮಂದಿರಗಳಷ್ಟೇ ಅಲ್ಲ, ಇಲ್ಲಿನ ‘ಪೋಳ್’ಗಳು ಕೂಡ. ಪೋಳ್ ಅಂದರೆ ಹೆಬ್ಬಾಗಿಲುಳ್ಳ ಕೇರಿ. ಒಳಗೆ ಕಿರುದಾರಿ, ಒಂದಕ್ಕೊಂದು ಆತುಕೊಂಡ ಮನೆಗಳು, ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೊಂದು ‘ಚಬೂತರೊ’.

ಮನೆಯೊಳಗೆ ಕಾಲಿಟ್ಟರೆ ನಿಮಗೆ ಹೊಸದೆನಿಸುವುದಿಲ್ಲ. ಮುಂದೆ ‘ಓಟಲೊ’, ಅಂದರೆ ನಮ್ಮ ಜಗಲಿ. ನಡುವೆ ಆಕಾಶಕ್ಕೆ ತೆರೆದ ‘ಚೌಕ್’, ನಮ್ಮ ತೊಟ್ಟಿಯೇ. ಅದರಡಿಯಲ್ಲಿ ‘ಟಾಂಕಾ’ ಎಂಬ ನೆಲಮಾಳಿಗೆಯ ತೊಟ್ಟಿ. ಮಾಡಿನ ಮೇಲೆ ಬಿದ್ದ ಮಳೆನೀರು ಅಲ್ಲಿ ಸೇರಿ, ವರ್ಷವಿಡೀ ಕುಡಿಯಲು ಒದಗುತ್ತಿತ್ತು.

1861ರಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಯಿತು. ಗಿರಣಿಯ ಹಣ ಮನೆಗಳನ್ನು ಚೆಂದಗಾಣಿಸಿತು. ಮುಂದೆ ಮನೆಯವರನ್ನು ನದಿಯಾಚೆಯ ಬಂಗಲೆಗಳಿಗೂ ಕರೆದೊಯ್ದಿತು. ಖಾಲಿಯಾದ ಮನೆಗಳಲ್ಲಿ ಕೆಲವು ಗೋದಾಮಾದವು, ಕೆಲವು ಉರುಳಿ, ಕೆತ್ತನೆಯ ಕಂಬ-ಬಾಗಿಲುಗಳು ಮಾರಾಟವಾದವು. ಉಳಿದವುಗಳಿಗೆ ಅತಿಥಿಗಳು ಆಸರೆಯಾದರು. ಗಿರಣಿ ಮಾಲೀಕ ಮಂಗಳದಾಸ್ ಗಿರಧರದಾಸರು 1924ರಲ್ಲಿ ಕಟ್ಟಿಸಿದ ಮಹಲು ಹೋಟೆಲಾದದ್ದು ಹೀಗೆ. ಅದರೆದುರೇ ಕಲ್ಲಿನ ಜಾಲಂಧ್ರಕ್ಕೆ ಹೆಸರಾದ ಸೀದಿ ಸಯ್ಯದ್ ಮಸೀದಿ.

ನೀವು ಕೊಡುವ ಬಾಡಿಗೆಯಿಂದ ಬಡಗಿಗೆ ಕೂಲಿ ಹುಟ್ಟುತ್ತದೆ, ಮಾಡು ಸೋರದೆ ನಿಲ್ಲುತ್ತದೆ. ಆದರೆ ಎಲ್ಲ ಮನೆಗಳೂ ಹೋಟೆಲಾದರೆ ಜಗಲಿಯಲ್ಲಿ ಕೂರುವವರು ಯಾರು? ಆದ್ದರಿಂದ ಮನೆಯವರು ಇನ್ನೂ ವಾಸವಿರುವ ಮನೆಯನ್ನೇ ಹುಡುಕಿ. ರಾತ್ರಿ ಮೆಲ್ಲಗೆ ಮಾತಾಡಿ. ಗೋಡೆಯಾಚೆ ನೆರೆಮನೆಯವರು ಮಲಗಿರುತ್ತಾರೆ.

ಅಂದ ಹಾಗೆ, ಈ ಸೀಮೆಗೂ ನಮಗೂ ಹಳೆಯ ನಂಟಿದೆ. ಅಹಮದ್ ಷಾನಿಗೂ ಮುಂಚೆ ಇಲ್ಲಿದ್ದ ಊರು ಕರ್ಣಾವತಿ. 11ನೇ ಶತಮಾನದಲ್ಲಿ ಅದಕ್ಕೆ ಹೆಸರು ಕೊಟ್ಟ ದೊರೆ ಕರ್ಣನ ರಾಣಿ ಮಯಣಲ್ಲದೇವಿ, ಕದಂಬ ದೊರೆ ಜಯಕೇಶಿಯ ಮಗಳು. ಗುಜರಾತಿಗಳಿಗೆ ಆಕೆ ಮೀನಳದೇವಿ. ಹತ್ತಿರದ ಧೋಳಕಾದಲ್ಲಿ ಆಕೆ ಕೆರೆ ಕಟ್ಟಿಸುವಾಗ ಒಬ್ಬ ಹೆಂಗಸು ತನ್ನ ಮನೆ ಬಿಟ್ಟುಕೊಡಲಿಲ್ಲವಂತೆ. ಎಷ್ಟು ಹಣ ಕೊಟ್ಟರೂ ಒಪ್ಪಲಿಲ್ಲ. ರಾಣಿ ಬಲವಂತ ಮಾಡದೆ, ಕೆರೆಯ ಅಂಚು ಸೊಟ್ಟಗಾದರೂ ಆಗಲಿ ಎಂದು ಆ ಮನೆಯನ್ನು ಉಳಿಸಿದಳೆಂಬ ಕಥೆ ಅಲ್ಲಿ ಇಂದಿಗೂ ಇದೆ.

ಊರಿನಲ್ಲಿ ಬೀಗ ಹಾಕಿ ಬಂದ ತೊಟ್ಟಿಮನೆ ನಿಮ್ಮದೂ ಒಂದಿದ್ದೀತು. ಪೋಳ್‌ನಿಂದ ಮರಳಿದ ಮೇಲೆ ಅಲ್ಲಿಗೂ ಒಮ್ಮೆ ಹೋಗಿ, ಮಾಡಿನ ಹೆಂಚು ಎಣಿಸಿ ಬನ್ನಿ.