ಅತ್ತ ಮೇಲೆ ಬೆಳೆದ ನಂಟು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಹೊಲದ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಅಲಾಯಿ ಕುಣಿ ಎಂಬ ಬೆಂಕಿಗುಂಡಿ ತೋಡುತ್ತಾರೆ, ಅಲಾಯಿ ದೇವರೆನ್ನುವ ಕೈಯಾಕಾರದ ಪಂಜಾಗಳನ್ನು ಕೂಡಿಸುತ್ತಾರೆ, ಹೆಜ್ಜೆಮೇಳ ಕಟ್ಟಿ ಕರ್ಬಲಾದ ಶೋಕದ ಹಾಡುಗಳಾದ ರಿವಾಯತ ಹಾಡುತ್ತಾರೆ. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಉತ್ತರ ಕರ್ನಾಟಕದಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳು ಕೂಡ ಅಲಾಯಿ ದೇವರನ್ನು ಕೂಡಿಸುವುದುಂಟು. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಲ್ಲಿ ನೀರಡಿಸಿ ಮಡಿದ, ಪ್ರವಾದಿಯ ಮೊಮ್ಮಗ ಹುಸೇನರಿಗೂ ಈ ಒಕ್ಕಲು ಮಕ್ಕಳಿಗೂ ರಕ್ತದ ನಂಟಿಲ್ಲ, ಬಹುಪಾಲಿನವರಿಗೆ ಮತದ ನಂಟೂ ಇಲ್ಲ. ಪ್ರೀತಿಸಿದವರಿಗಾಗಿ ಅಳುತ್ತೇವೆ ಎಂಬುದು ಲೋಕದ ತಿಳಿವಳಿಕೆ. ಈ ಸೀಮೆ ಮೊದಲು ಅತ್ತಿತು. ಅಳುತ್ತ ಅಳುತ್ತ ಹುಸೇನರನ್ನು ತನ್ನವರನ್ನಾಗಿ ಮಾಡಿಕೊಂಡಿತು.

ಇದು ಬಿಜಾಪುರದ ಅರಸರು ಹೇರಿದ ಆಚರಣೆ ಎನ್ನುವವರಿದ್ದಾರೆ. 16ನೇ ಶತಮಾನದ ಮೊದಲಲ್ಲಿ ಅಲ್ಲಿನ ಅರಸ ಯೂಸುಫ್ ಆದಿಲ್ ಶಾಹ, ಹುಸೇನರಿಗಾಗಿ ಶೋಕಿಸುವ ಶಿಯಾ ಪಂಥವನ್ನು ರಾಜಮತ ಮಾಡಿದ್ದು ನಿಜ, ಬೀಜ ಅಲ್ಲಿಂದಲೇ ಬಂದಿರಬೇಕು. ಆದರೆ 1686ರಲ್ಲಿ ಬಿಜಾಪುರವೇ ಬಿತ್ತು. ಮುಂದೆ ನರಗುಂದ ಭಾವೆ ಮನೆತನದ ಬ್ರಾಹ್ಮಣರ ಕೈಗೆ ಬಂತು, ಗಜೇಂದ್ರಗಡ ಮರಾಠಾ ಘೋರ್ಪಡೆಯವರ ಕೈಗೆ. ಅರಸರ ಒತ್ತಾಯ ಹೋಗಿ ಮುನ್ನೂರು ವರ್ಷ ಕಳೆದರೂ ಹಾಡು ನಿಲ್ಲಲಿಲ್ಲವೆಂದರೆ ಅದನ್ನು ಹಿಡಿದಿಟ್ಟದ್ದು ಹಾಡುವವರ ಕೊರಳೇ.

ಆ ಕೊರಳು ಹಿಡಿದದ್ದು ಯಾವುದನ್ನು? ಕರ್ಬಲಾದ ಕಾಳಗಕ್ಕೆ ಕಾರಣವಾದ ಖಲೀಫರ ಗಾದಿಯ ಜಗಳವನ್ನಲ್ಲ. ಅಲ್ಲಿ ನೀರಿಗಾಗಿ ಬಾಯಿಬಿಟ್ಟ ಕೂಸನ್ನು, ಮದುವೆಯ ದಿನವೇ ರಣಕ್ಕೆ ಹೋದ ಮದುಮಗ, ಹುಸೇನರ ಅಣ್ಣನ ಮಗ ಕಾಸೀಮನನ್ನು. ಕಾಸೀಮನ ಮದುವೆ ಹಳೆಯ ಇತಿಹಾಸಗಳಲ್ಲಿಲ್ಲ, ಅದು ಜನಪ್ರಿಯವಾದದ್ದು 1502ರ ಸುಮಾರಿಗೆ ಹುಸೇನ್ ವಾಇಜ್ ಕಾಶಿಫಿ ಬರೆದ ಪಾರಸಿ ಗ್ರಂಥದಿಂದ, ಹೀಗಾಗಿ ಈ ಅಳುವಿಗೆ ಆಧಾರವಿಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಜನ ಆ ಸಾವನ್ನು ತಮ್ಮದಾಗಿಸಿಕೊಂಡದ್ದಕ್ಕೆ ನನಗೆ ಇದೇ ದೊಡ್ಡ ಸಾಕ್ಷಿಯಾಗಿ ಕಾಣುತ್ತದೆ. ಮಳೆಯ ದಾರಿ ಕಾಯುವ ನೆಲಕ್ಕೆ ನೀರಡಿಕೆ ಗೊತ್ತು; ಬಾಸಿಂಗ ಕಟ್ಟಿದ ಮಗನನ್ನು ಕಳೆದುಕೊಳ್ಳುವುದೆಂದರೇನೆಂದು ಯಾವ ತಾಯಿಗೂ ಹೇಳಿಕೊಡಬೇಕಿಲ್ಲ. ದೂರದ ಸಾವು ಮನೆಯ ಸಾವಾದದ್ದು ಈ ಬಾಗಿಲಿನಿಂದ.

ಮೊಹರಂನ ಹುಲಿವೇಷ, ಹಲಗೆ, ಕುಣಿತದ ನಡುವೆ ಶೋಕವೆಲ್ಲಿದೆ ಎಂದು ಕೇಳುವವರು ಹಬ್ಬದ ಕೊನೆಯ ರಾತ್ರಿಯಾದ ಕತ್ತಲರಾತ್ರಿ ಮುಗಿದು ದೇವರು ವಿಸರ್ಜನೆಗೆ ಹೊಳೆಗೆ ಹೋಗುವ ಹೊತ್ತನ್ನು ನೋಡಬೇಕು. ತವರಿನಿಂದ ಮಗಳನ್ನು ಕಳಿಸುವಾಗಿನ ಭಾರ ಆ ಹೆಜ್ಜೆಗಳಲ್ಲಿರುತ್ತದೆ. ಅಲಾಯಿ ದೇವರಿಗೆ ಹರಕೆ ಹೊತ್ತು ಹಡೆದ ಕೂಸಿಗೆ ಹಿಂದೂ ಮನೆಯವರು ಹುಸೇನಪ್ಪ, ಹುಸೇನವ್ವ ಎಂದು ಹೆಸರಿಡುತ್ತಾರೆ. ಕುಣಿ ಮುಚ್ಚಿದ ಮೇಲೂ ಆ ಹೆಸರನ್ನು ಹಿಡಿದು ದಿನಾ ಉಣ್ಣಲು ಕರೆಯುತ್ತಾರೆ.