ವಿದೇಶಿ ಹೆಸರಿನ ಶ್ರೀಮಂತ ಶಾಲೆಗಳು (ಭಾರತ)
ಬ್ರಿಟನ್ನಿನ ಹಳೆಯ ಖಾಸಗಿ ಶಾಲೆಗಳ ಹೆಸರು, ಲಾಂಛನ ಹೊತ್ತು ಸ್ಥಳೀಯ ಬಂಡವಾಳದಲ್ಲಿ ನಡೆಯುವ ದುಬಾರಿ ಶಾಲೆಗಳು. 1572ರಲ್ಲಿ ಸ್ಥಾಪನೆಯಾದ, ಮುಂದೆ ಜವಾಹರಲಾಲ್ ನೆಹರೂ ಓದಿದ ಹ್ಯಾರೋ ಶಾಲೆಯ ಹೆಸರು 1998ರಲ್ಲಿ ಬ್ಯಾಂಕಾಕಿಗೂ 2023ರಲ್ಲಿ ಬೆಂಗಳೂರಿಗೂ ಬಂತು. ಅದೇ ವರ್ಷ ಪುಣೆಯಲ್ಲಿ ವೆಲ್ಲಿಂಗ್ಟನ್ ಕಾಲೇಜ್ ಎಂಬ ಇನ್ನೊಂದು ಬ್ರಿಟಿಷ್ ಶಾಲೆಯ ಶಾಖೆ ತೆರೆಯಿತು. ಸಾಮಾನ್ಯವಾಗಿ ಮೂಲ ಶಾಲೆ ಹೆಸರನ್ನೂ ಮಾರ್ಗದರ್ಶನವನ್ನೂ ಕೊಟ್ಟು ಶುಲ್ಕ ಪಡೆಯುತ್ತದೆ. ಜಮೀನು, ಕಟ್ಟಡ, ನಷ್ಟದ ಹೊಣೆ ಇಲ್ಲಿನ ಪಾಲುದಾರರದು. ಈ ಆದಾಯದಿಂದ ತಮ್ಮ ನಾಡಿನ ಪ್ರತಿಭಾವಂತ ಬಡ ಮಕ್ಕಳಿಗೆ ನೆರವಾಗುತ್ತೇವೆಂದು ಇಂಥ ಹಲವು ಶಾಲೆಗಳು ಹೇಳುತ್ತವೆ. ಹಣ ತೆರುವ ಊರಿನ ಬಡ ಮಕ್ಕಳಿಗೂ ಅದೇ ನ್ಯಾಯ ಸಲ್ಲಬೇಕು.

ಹೊರದೇಶದ ವಸತಿ ಶಾಲೆಗೆ ಹೋಗುವ ಮಕ್ಕಳೂ ವಿದೇಶಿ ವಿನಿಮಯವೂ ಇಲ್ಲೇ ಉಳಿಯುತ್ತವೆ ಎಂಬುದು ಸಮರ್ಥಕರ ವಾದ. ಇದರಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ: ಎ-ಲೆವೆಲ್‌ನಂಥ ಬ್ರಿಟಿಷ್ ಶಾಲಾಂತ್ಯ ಪರೀಕ್ಷೆಗಳ ಕಣ್ಣು ವಿದೇಶಿ ವಿಶ್ವವಿದ್ಯಾಲಯದ ಮೇಲೆಯೇ ಇರುವುದರಿಂದ ಬಹುಪಾಲು ಪಯಣ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ. ಉತ್ತಮ ಬೋಧನೆ ಸುತ್ತಲಿನ ಶಾಲೆಗಳಿಗೂ ಹರಡೀತು ಎನ್ನುವವರಿದ್ದಾರೆ. ಬಗೆಬಗೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರದೆ ಅದು ಹರಡುವುದು ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇ. 25ರಷ್ಟು ಸೀಟುಗಳನ್ನು ದುರ್ಬಲ ವರ್ಗಗಳಿಗೆ ಮೀಸಲಿಟ್ಟಿತು. ಆದರೆ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಕರ್ನಾಟಕದಲ್ಲಿ 2019ರಿಂದ ಆ ಬಾಗಿಲೂ ಮುಚ್ಚಿದೆ.